ಬೋರಿಸ್ ಕಾರ್ಲಾಫ್: ಭೂತದ ವೇಷದೊಳಗಿದ್ದ ಸಾಧು ಮನುಷ್ಯನ ಬಗ್ಗೆ ಖಚಿತ ವಿವರ ಬೇಕಿತ್ತು

ಚಿತ್ರಸಮಾಜ_ಸುಮಾ ಕೇಳಿದ್ದು:

ನಮಸ್ಕಾರ. ನಮ್ಮ ಚಿತ್ರಸಮಾಜದಲ್ಲಿ 1931ರ ‘ಫ್ರಾಂಕನ್‌ಸ್ಟೈನ್’ ಪ್ರದರ್ಶನ ಇಟ್ಟುಕೊಂಡಿದ್ದೇವೆ. ಸಿನಿಮಾ ಸುಮಾರು 70 ನಿಮಿಷದ್ದು. ಅದಕ್ಕೆ ಮೊದಲು 20 ನಿಮಿಷ, ಅದರಲ್ಲಿ ವಿಜ್ಞಾನಿಯೊಬ್ಬ ಹೆಣಗಳಿಂದ ಕಟ್ಟಿ ಜೀವ ಕೊಟ್ಟ ರಾಕ್ಷಸನ ಪಾತ್ರ ಮಾಡಿದ ನಟ ಬೋರಿಸ್ ಕಾರ್ಲಾಫ್ ಬಗ್ಗೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೈಸ್ಕೂಲ್ ಮಕ್ಕಳೂ ಬರುತ್ತಾರೆ.

ಪಾತ್ರದ ಬಗ್ಗೆ, ನಿರ್ದೇಶಕ ಜೇಮ್ಸ್ ವೇಲ್ ಬಗ್ಗೆ ಓದಲು ಬೇಕಾದಷ್ಟಿದೆ. ಕಾರ್ಲಾಫ್ ಎಂಬ ಮನುಷ್ಯನ ಬಗ್ಗೆ ಹುಡುಕಿದರೆ ಮಾತ್ರ ಎಲ್ಲ ಕಡೆಯೂ ಒಂದೇ ಮಾತು: ‘ತೆರೆಯ ಮೇಲೆ ರಾಕ್ಷಸ, ಮನೆಯಲ್ಲಿ ಬಹಳ ಮೃದು’. ಹೇಗೆ ಮೃದು, ಯಾರ ಜೊತೆ ಮೃದು, ಅದಕ್ಕೆ ಆಧಾರ ಏನು ಎಂದು ಕೇಳಿದರೆ ಉತ್ತರ ಇಲ್ಲ. ನನಗೆ ತಿಳಿಯಬೇಕಾದದ್ದು ಇವು: ಆ ಮೇಕಪ್ ನಿಜಕ್ಕೂ ಹೇಗೆ ಮಾಡಿದರು, ಅದರಿಂದ ಅವರ ಮೈಗೆ ಏನಾಯಿತು? ಕೆರೆಯ ದಂಡೆಯ ಪುಟ್ಟ ಹುಡುಗಿಯ ದೃಶ್ಯದ ಹಿಂದಿನ ಕಥೆ ಏನು? ಅವರಿಗೆ ಭಾರತದ ನಂಟು ಇತ್ತು ಅನ್ನುವುದು ಎಷ್ಟು ನಿಜ? ಮಕ್ಕಳಿಗೆ ಸಾಂಟಾ ಕ್ಲಾಸ್ ಆಗುತ್ತಿದ್ದರಂತೆ, ಅದು? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಬಣ್ಣದಮನೆ:

ಸುಮಾ ಮೇಡಂ, ಮೇಕಪ್‌ನಿಂದಲೇ ಶುರು ಮಾಡ್ತೀನಿ. ಯಾಕೆಂದರೆ ನೀವು ಕೇಳುವ ‘ಮೃದು’ ಸ್ವಭಾವಕ್ಕೆ ಮೊದಲ ಪುರಾವೆ ಅಲ್ಲೇ ಇದೆ.

ವೇಷ ಕಟ್ಟಿದವರು ಯೂನಿವರ್ಸಲ್ ಸ್ಟುಡಿಯೋದ ಮೇಕಪ್ ಮುಖ್ಯಸ್ಥ ಜ್ಯಾಕ್ ಪಿಯರ್ಸ್. ಆಗ ಅಚ್ಚು ಹಾಕಿ ತೆಗೆದ ರಬ್ಬರ್ ಮುಖದ ತುಂಡುಗಳು ಬಳಕೆಗೆ ಬಂದಿರಲಿಲ್ಲ. ದಿನಾ ಬೆಳಿಗ್ಗೆ ತಲೆಯನ್ನು ಹೊಸದಾಗಿ ಕಟ್ಟಬೇಕು. ಹತ್ತಿಯ ತೆಳು ಪದರ ಇಡುವುದು, ಅದರ ಮೇಲೆ ಕೊಲೋಡಿಯನ್ ಬಳಿಯುವುದು, ಒಣಗಿದ ಮೇಲೆ ಮತ್ತೊಂದು ಪದರ. ಹೀಗೆ ಪದರದ ಮೇಲೆ ಪದರ ಏರಿಸಿ ಆ ಚಪ್ಪಟೆ ನೆತ್ತಿ, ಮುಂದಕ್ಕೆ ಚಾಚಿದ ಹುಬ್ಬಿನ ಏಣು ಎರಡನ್ನೂ ಮಾಡುತ್ತಿದ್ದರು. ಕೊಲೋಡಿಯನ್ ಅಂದರೆ ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸ್. ಘಾಟು ವಾಸನೆ, ಬೇಗ ಬೆಂಕಿ ಹಿಡಿಯುವ ವಸ್ತು. ಒಣಗುವಾಗ ಚರ್ಮವನ್ನು ಬಿಗಿಯಾಗಿ ಎಳೆಯುತ್ತದೆ. ಮುಖಕ್ಕೆ ಬಳಿದದ್ದು ಬೂದು ಬೆರೆತ ಹಸಿರು ಗ್ರೀಸ್‌ಪೇಂಟ್, ಕಪ್ಪು-ಬಿಳುಪು ಫಿಲ್ಮಿನಲ್ಲಿ ಅದು ಹೆಣದ ಬಿಳಿಚು ಬಣ್ಣವಾಗಿ ಬೀಳುತ್ತಿತ್ತು. ಕುತ್ತಿಗೆಯ ಎರಡು ಬದಿಗೆ ಅಂಟಿಸಿದ್ದು ವಿದ್ಯುತ್ ಹಾಯಿಸುವ ಎಲೆಕ್ಟ್ರೋಡ್‌ಗಳು. ಎಲ್ಲರೂ ಬೋಲ್ಟ್ ಅಂತಾರೆ, ಭಾಷಣದಲ್ಲಿ ಸರಿಪಡಿಸಿ. ಅವನ್ನು ಅಂಟಿಸಿ ಕಿತ್ತು, ಅಂಟಿಸಿ ಕಿತ್ತು, ಕುತ್ತಿಗೆಯಲ್ಲಿ ಸಣ್ಣ ಕಲೆಗಳು ವರ್ಷಗಟ್ಟಲೆ ಉಳಿದವು.

ಹಾಕಲು ಸುಮಾರು 4 ಗಂಟೆ, ತೆಗೆಯಲು ಒಂದೂವರೆ ಗಂಟೆಗೂ ಮೇಲೆ. ಬೂಟುಗಳು ರಸ್ತೆಗೆ ಡಾಂಬರು ಹಾಕುವವರು ತೊಡುವ ಜಾತಿಯವು, ಒಂದೊಂದೂ 13 ಪೌಂಡ್ ಎಂಬ ಲೆಕ್ಕ ಇದೆ, ಅಂದರೆ ಹತ್ತಿರ ಹತ್ತಿರ 6 ಕೆಜಿ. ಮಂಡಿ ಸಲೀಸಾಗಿ ಮಡಿಸದ ಹಾಗೆ ಕಾಲಿಗೆ ಉಕ್ಕಿನ ಪಟ್ಟಿ. ಎಲ್ಲ ಸೇರಿ ವೇಷದ ತೂಕ 48 ಪೌಂಡ್ ಎನ್ನುವುದು ರೂಢಿಯ ಅಂಕಿ, ಸುಮಾರು 22 ಕೆಜಿ. ಚಿತ್ರೀಕರಣ ಶುರುವಾದದ್ದು 1931ರ ಆಗಸ್ಟ್ 24ಕ್ಕೆ, ಮುಗಿದದ್ದು ಅಕ್ಟೋಬರ್ 3ಕ್ಕೆ. ಕ್ಯಾಲಿಫೋರ್ನಿಯಾದ ಬೇಸಿಗೆಯ ಕೊನೆ, ಮೇಲಿನಿಂದ ಸ್ಟುಡಿಯೋ ದೀಪಗಳ ಕಾವು. ಆಗ ಕಾರ್ಲಾಫ್ ವಯಸ್ಸು 43. ನಟನೆಯಲ್ಲಿ ಇಪ್ಪತ್ತು ವರ್ಷ ಅಲೆದಾಡಿ, ಮಧ್ಯೆ ಹೊಟ್ಟೆಪಾಡಿಗೆ ಕಟ್ಟಡ ಸಾಮಗ್ರಿಯ ಲಾರಿ ಓಡಿಸಿ ಮೂಟೆ ಹೊತ್ತು ಬಂದ ಮೈ ಅದು.

ಈಗ ಕೇಳಿ. ವೇಷದ ಎರಡು ಮುಖ್ಯ ಅಂಶ ಕಾರ್ಲಾಫ್ ಅವರದೇ. ಮೊದಲ ಪರೀಕ್ಷೆಯಲ್ಲಿ ತಮ್ಮ ಕಣ್ಣು ತೀರ ಚುರುಕಾಗಿ, ತಿಳುವಳಿಕೆಯಿಂದ ಹೊಳೆಯುತ್ತಿವೆ ಎಂದು ಅವರಿಗೆ ಅನ್ನಿಸಿತು. ಆಗ ತಾನೇ ಜೀವ ಬಂದವನಿಗೆ ಅಂಥ ಕಣ್ಣು ಒಪ್ಪುವುದಿಲ್ಲ. ಅದಕ್ಕೆ ಪಿಯರ್ಸ್ ಮೇಲಿನ ರೆಪ್ಪೆಗೆ ಮೇಣ ಮೆತ್ತಿ ಭಾರ ಮಾಡಿದರು. ಎರಡನೆಯದು, ಬಾಯಲ್ಲಿ ಒಂದು ಬದಿಗೆ ಕಟ್ಟಿಸಿಕೊಂಡಿದ್ದ ಹಲ್ಲಿನ ಬ್ರಿಡ್ಜನ್ನು ಕಾರ್ಲಾಫ್ ತೆಗೆದುಬಿಟ್ಟರು. ಆ ಕೆನ್ನೆ ಒಳಗೆ ಗುಳಿಬಿತ್ತು. ಗಮನಿಸಿ, ಎರಡೂ ಭಯ ಹೆಚ್ಚಿಸುವ ಸಲಹೆಗಳಲ್ಲ. ಆ ಜೀವ ನಿದ್ದೆಗಣ್ಣಿನಲ್ಲಿ, ಸೋತು, ಏನೂ ತಿಳಿಯದೆ ನಿಂತಿದೆ ಎಂದು ಕಾಣಿಸಲು ಕೊಟ್ಟದ್ದು.

ಕೆಟ್ಟದ್ದು ಏನಾಯಿತು ಅಂದರೆ ಬೆನ್ನು. ಗಾಳಿಗಿರಣಿಯ ಗುಡ್ಡದ ಮೇಲಕ್ಕೆ ವಿಜ್ಞಾನಿ ಫ್ರಾಂಕನ್‌ಸ್ಟೈನ್ ಆಗಿದ್ದ ಕಾಲಿನ್ ಕ್ಲೈವ್ ಅವರನ್ನು ಹೆಗಲ ಮೇಲೆ ಹೊತ್ತು ಹತ್ತುವ ದೃಶ್ಯವನ್ನು ವೇಲ್ ಮತ್ತೆ ಮತ್ತೆ ತೆಗೆಸಿದರು. ಮೈಮೇಲೆ ವೇಷದ ಭಾರ, ಹೆಗಲ ಮೇಲೆ ಒಬ್ಬ ವಯಸ್ಕ, ಮಡಿಸಲು ಬಾರದ ಮಂಡಿ, ಏರು ದಾರಿ. ಮಂಡಿ ಮಡಿಸದೆ ಭಾರ ಎತ್ತಿದರೆ ಎಳೆತ ಎಲ್ಲ ಸೊಂಟಕ್ಕೇ ಬೀಳುತ್ತದೆ. ಮುಂದೆ ಬೆನ್ನಿಗೆ ಶಸ್ತ್ರಚಿಕಿತ್ಸೆಗಳಾದವು, ನೋವು ಕೊನೆಯವರೆಗೂ ಬಿಡಲಿಲ್ಲ. 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ನಲ್ಲಿ ನೀರು ತುಂಬಿದ ನೆಲಮಾಳಿಗೆಯ ದೃಶ್ಯದಲ್ಲಿ ಬಿದ್ದು ಸೊಂಟದ ಕೀಲಿಗೂ ಪೆಟ್ಟಾಯಿತು.

ಇಷ್ಟಾದರೂ ಪಿಯರ್ಸ್ ಬಗ್ಗೆ ಕಾರ್ಲಾಫ್ ಎಲ್ಲೂ ಗೊಣಗಲಿಲ್ಲ. ಪಾತ್ರದ ಯಶಸ್ಸನ್ನು ಮೊದಲು ಹಂಚಿದ್ದೇ ಅವರಿಗೆ. ಪಿಯರ್ಸ್ ಅವರನ್ನು ಸ್ಟುಡಿಯೋ ಕೈಬಿಟ್ಟು ಹತ್ತು ವರ್ಷವಾದ ಮೇಲೂ, 1957ರಲ್ಲಿ ಅಮೆರಿಕದ ಟಿವಿಯಲ್ಲಿ ಕಾರ್ಲಾಫ್ ಬದುಕಿನ ಮೇಲೆ ಕಾರ್ಯಕ್ರಮ ಬಂದಾಗ ಮುದುಕ ಪಿಯರ್ಸ್ ವೇದಿಕೆಗೆ ಬರುತ್ತಾರೆ. ಜಗತ್ತಿನಲ್ಲೇ ದೊಡ್ಡ ಮೇಕಪ್ ಕಲಾವಿದ ಇವರು ಎಂದು ಕಾರ್ಲಾಫ್ ಎಲ್ಲರೆದುರು ಹೇಳುತ್ತಾರೆ. ಅಷ್ಟು ಹೊತ್ತಿಗೆ ಚಿತ್ರರಂಗ ಪಿಯರ್ಸ್‌ರನ್ನು ಹೆಚ್ಚುಕಡಿಮೆ ಮರೆತಿತ್ತು. ನನ್ನ ಪ್ರಕಾರ ನಿಮ್ಮ ಭಾಷಣಕ್ಕೆ ಸಾಂಟಾ ಕ್ಲಾಸ್‌ಗಿಂತ ಇದು ಗಟ್ಟಿ ಸಾಕ್ಷಿ.

ರಂಗಶಾಲೆ_ನವೀನ್:

ಬಣ್ಣದಮನೆ ಗುರುಗಳೇ, ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಸುಮಾ ಅವರ ಕಾರ್ಯಕ್ರಮದಲ್ಲಿ ಶಾಲೆಯ ಹುಡುಗನೊಬ್ಬನಿಗೆ ಇದೇ ತರಹದ ತಲೆ ಕಟ್ಟಿ ಎರಡು ನಿಮಿಷ ವೇದಿಕೆ ಮೇಲೆ ತರೋ ಯೋಚನೆ ಇದೆ. ಹತ್ತಿ ಮತ್ತು ಕೊಲೋಡಿಯನ್ ಬಳಸಬಹುದಾ?

ಬಣ್ಣದಮನೆ:

ಮಕ್ಕಳಿಗೆ ಬೇಡವೇ ಬೇಡ, ನವೀನ್. ಈಥರ್ ಆವಿ ಮುಚ್ಚಿದ ಗ್ರೀನ್ ರೂಮಿನಲ್ಲಿ ತಲೆ ಸುತ್ತಿಸುತ್ತದೆ, ಪಕ್ಕದಲ್ಲಿ ಯಾರಾದರೂ ಕರ್ಪೂರ ಹಚ್ಚಿದರೂ ಅಪಾಯ.

ಹೀಗೆ ಮಾಡಿ. 5 ಅಥವಾ 6 ಮಿಲಿಮೀಟರ್ ದಪ್ಪದ ಫೋಮ್ ಶೀಟ್ ತಗೊಳ್ಳಿ, ಕ್ರಾಫ್ಟ್ ಅಂಗಡಿಯಲ್ಲಿ ಸಿಗುತ್ತದೆ. ಹಣೆಯಿಂದ ನೆತ್ತಿಯವರೆಗೆ ಒಂದು ಪಟ್ಟಿ, ಮೇಲೆ ಮುಚ್ಚಳದ ಹಾಗೆ ಒಂದು ಚಪ್ಪಟೆ ತುಂಡು. ಇವನ್ನು ಹುಡುಗನ ತಲೆಗೆ ಅಂಟಿಸಬೇಡಿ, ಬಿಗಿಯಾದ ಬಟ್ಟೆ ಟೋಪಿಗೆ ಹೊಲಿಯಿರಿ. ಟೋಪಿಯ ಮೇಲೆ ಹಳೆಯ ವಿಗ್ ಕತ್ತರಿಸಿ ಕೂರಿಸಿ, ಹಣೆಯ ಮೇಲೆ ಕೂದಲು ಇಳಿದರೆ ಟೋಪಿಯ ಅಂಚು ಕಾಣುವುದಿಲ್ಲ. ಅಂಚು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ನಿಲ್ಲಬೇಕು. ಕೆಳಗೆ ಬಂದರೆ ಬೆವರು ನೇರ ಕಣ್ಣಿಗೆ ಇಳಿಯುತ್ತದೆ. ರೆಪ್ಪೆಗೆ ಮೇಣ ಹಚ್ಚಬೇಡಿ. ಮೇಲಿನ ರೆಪ್ಪೆ ಪೂರ್ತಿ ಬೂದು-ನೇರಳೆ ಬಣ್ಣ ಬಳಿದು ಹುಬ್ಬಿನ ಕೆಳಗೆ ಕಪ್ಪು ನೆರಳು ಕೊಟ್ಟರೆ ದೂರದಿಂದ ರೆಪ್ಪೆ ಜೋತಂತೆಯೇ ಕಾಣುತ್ತದೆ. ಗುಳಿಕೆನ್ನೆಗೂ ಅಷ್ಟೇ, ಕಂದು ಬಣ್ಣವನ್ನು ಕೆನ್ನೆಮೂಳೆಯ ಕೆಳಗೆ ಎಳೆದು ಅಂಚು ಬೆರಳಲ್ಲಿ ಉಜ್ಜಿ ಮಸುಕು ಮಾಡಿ.

ಎಲೆಕ್ಟ್ರೋಡನ್ನು ಕುತ್ತಿಗೆಗೆ ಅಂಟಿಸುವ ಬದಲು ಅಂಗಿಯ ಕಾಲರ್‌ಗೆ ಹೊಲಿಯಿರಿ. ಯಾವ ಕಾರಣಕ್ಕೂ ಫೆವಿಕ್ವಿಕ್ ಚರ್ಮದ ಹತ್ತಿರ ತರಬೇಡಿ. ಬಣ್ಣವನ್ನು ಹಿಂದಿನ ದಿನವೇ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 24 ಗಂಟೆ ನೋಡಿ, ಕೆಂಪಾದರೆ ಆ ಡಬ್ಬಿ ಬಿಡಿ. ತೆಗೆಯುವಾಗ ಮೊದಲು ಕೊಬ್ಬರಿ ಎಣ್ಣೆ, ಹತ್ತಿಯಲ್ಲಿ ಒರೆಸಿ, ಆಮೇಲೆ ಸೋಪು. ಮೊದಲೇ ಸೋಪು ಹಾಕಿದರೆ ಗ್ರೀಸ್ ಬಣ್ಣ ಹರಡಿ ಇನ್ನೂ ಒಳಗೆ ಕೂರುತ್ತದೆ. ಚಪ್ಪಲಿಯ ಅಡಿ ಎತ್ತರಿಸುವುದಾದರೆ ಎರಡು ಇಂಚು ಸಾಕು, ಹುಡುಗ ಹಿಂದಿನ ದಿನ ಮೆಟ್ಟಿಲು ಹತ್ತಿಳಿದು ಅಭ್ಯಾಸ ಮಾಡಲಿ.

ಹಳೇಪ್ರಿಂಟು:

ಕೆರೆಯ ದೃಶ್ಯದ ಬಗ್ಗೆ ನಾನು ಹೇಳ್ತೀನಿ, ಜೊತೆಗೆ ನೀವು ಯಾವ ಪ್ರತಿ ಹಾಕುತ್ತೀರಿ ಅನ್ನುವುದನ್ನು ಈಗಲೇ ನೋಡಿಕೊಳ್ಳಬೇಕು.

ದೃಶ್ಯ ಗೊತ್ತೇ ಇದೆ. ರೈತನ ಮಗಳು ಮರಿಯಾ ಒಬ್ಬಳೇ ನೀರಿನ ದಂಡೆಯಲ್ಲಿ ಆಡುತ್ತಿರುತ್ತಾಳೆ. ಪೊದೆಯಿಂದ ಆ ಜೀವ ಹೊರಬರುತ್ತದೆ. ಅವಳು ಹೆದರುವುದಿಲ್ಲ, ಕೈಹಿಡಿದು ಕರೆದೊಯ್ದು ಹೂ ಕೊಡುತ್ತಾಳೆ. ಇಬ್ಬರೂ ಮಂಡಿಯೂರಿ ಹೂಗಳನ್ನು ಒಂದೊಂದಾಗಿ ನೀರಿಗೆ ಹಾಕುತ್ತಾರೆ, ತೇಲುತ್ತವೆ. ಕಾರ್ಲಾಫ್ ಮುಖ ಇಡೀ ಸಿನಿಮಾದಲ್ಲಿ ನಗುವುದು ಇಲ್ಲೇ. ಹೂ ಮುಗಿಯುತ್ತದೆ. ಹುಡುಗಿಯೂ ಹೂವಿನಂತೆ ತೇಲುತ್ತಾಳೆಂದು ಎತ್ತಿ ನೀರಿಗೆ ಹಾಕುತ್ತಾನೆ. ಅವಳು ಮೇಲೆ ಬರುವುದಿಲ್ಲ. ಅವನು ಕೈಯಿಂದ ನೀರು ತಡಕಿ, ಗಾಬರಿಯಿಂದ ತೂರಾಡುತ್ತಾ ಓಡಿಹೋಗುತ್ತಾನೆ.

ಮರಿಯಾ ಆಗಿದ್ದವಳು ಮೆರಿಲಿನ್ ಹ್ಯಾರಿಸ್, ಏಳು ವರ್ಷದ ಹುಡುಗಿ. ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್ ಹೊರವಲಯದ ಮಾಲಿಬೂ ಲೇಕ್‌ನಲ್ಲಿ. ಬೆಳಿಗ್ಗೆ ಕಾರುಗಳು ಹೊರಡುವಾಗ ವೇಷ ಹಾಕಿ ಕುಳಿತ ಕಾರ್ಲಾಫ್ ಪಕ್ಕಕ್ಕೆ ಓಡಿ ಬಂದು ಕೈಹಿಡಿದು, ನಿಮ್ಮ ಜೊತೆಗೇ ಬರಲೇ ಎಂದು ಕೇಳಿದವಳು ಇವಳು. ದಾರಿಯುದ್ದಕ್ಕೂ ಜೊತೆಯಲ್ಲೇ ಕೂತು ಹೋದಳು. ಹುಡುಗಿಯನ್ನು ನೀರಿಗೆ ಎಸೆಯುವುದು ಕಾರ್ಲಾಫ್‌ಗೆ ಒಪ್ಪಿಗೆ ಇರಲಿಲ್ಲ. ಹೂವನ್ನು ಹೇಗೆ ಮೆಲ್ಲಗೆ ಬಿಟ್ಟನೋ ಹಾಗೇ ಅವಳನ್ನೂ ನೀರಿನ ಮೇಲೆ ಮೆಲ್ಲಗೆ ಇಡಬೇಕು, ಆಗಲೇ ಅವನಿಗೆ ಕೇಡಿನ ಉದ್ದೇಶ ಇರಲಿಲ್ಲ ಎಂದು ಜನಕ್ಕೆ ಅರ್ಥವಾಗುತ್ತದೆ ಎಂಬುದು ಅವರ ವಾದ. ವೇಲ್ ಒಪ್ಪಲಿಲ್ಲ. ತೆರೆಯ ಮೇಲೆ ಇರುವುದು ವೇಲ್ ಹೇಳಿದಂತೆ ಎಸೆದದ್ದು.

ಮೊದಲ ಸಲ ಎಸೆದಾಗ ಸರಿ ಬರಲಿಲ್ಲ. ಇನ್ನೊಮ್ಮೆ ನೀರಿಗಿಳಿದರೆ ಏನು ಬೇಕಾದರೂ ಕೊಡಿಸುತ್ತೇನೆಂದು ವೇಲ್ ಅಂದಾಗ, ಮನೆಯಲ್ಲಿ ಊಟದ ಪಥ್ಯದಲ್ಲಿದ್ದ ಹುಡುಗಿ ಕೇಳಿದ್ದು ಒಂದು ಡಜನ್ ಬೇಯಿಸಿದ ಮೊಟ್ಟೆ. ಎರಡು ಡಜನ್ ಕಳಿಸಿದರು. ಮಕ್ಕಳಿಗೆ ಹೇಳಿ, ಇಷ್ಟಪಡ್ತಾರೆ.

ಈಗ ಪ್ರತಿಯ ವಿಷಯ. ಸೆನ್ಸಾರ್ ಗಲಾಟೆಯಿಂದ ಎಸೆಯುವ ಭಾಗ ಕತ್ತರಿಯಾಯಿತು. ಕತ್ತರಿಸಿದ ಪ್ರತಿಯಲ್ಲಿ ಅವನು ಹುಡುಗಿಯ ಕಡೆ ಕೈ ಚಾಚುವಲ್ಲಿಗೆ ದೃಶ್ಯ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ತಂದೆ ಹೆಣ ಎತ್ತಿಕೊಂಡು ಊರ ಬೀದಿಯಲ್ಲಿ ನಡೆದು ಬರುತ್ತಾನೆ. ನಡುವೆ ಏನಾಯಿತು ಅನ್ನುವುದನ್ನು ನೋಡುವವರ ಊಹೆಗೆ ಬಿಟ್ಟಂತಾಯಿತು, ಊಹೆ ಇನ್ನೂ ಘೋರವಾದದ್ದರ ಕಡೆಗೇ ಹೋಗುತ್ತದೆ. ಮಕ್ಕಳನ್ನು ಕಾಪಾಡಲು ಹಾಕಿದ ಕತ್ತರಿ ಆ ಪಾತ್ರವನ್ನು ಕಾಮುಕ ಕೊಲೆಗಾರನನ್ನಾಗಿ ಮಾಡಿತು. ಈ ತುಣುಕನ್ನು ಮತ್ತೆ ಜೋಡಿಸಿದ್ದು 1980ರ ದಶಕದಲ್ಲಿ. ಈಗಿನ ಅಧಿಕೃತ ಡಿವಿಡಿ, ಬ್ಲೂ-ರೇಗಳಲ್ಲಿ ಇದೆ. ಎಲ್ಲಿಂದಲೋ ಸಿಕ್ಕ ಹಳೆಯ ಟಿವಿ ಪ್ರತಿಯ ಕಾಪಿಯಲ್ಲಿ ಇರದಿರಬಹುದು. ಹಾಕುವ ಮೊದಲು ಆ ದೃಶ್ಯಕ್ಕೆ ಹೋಗಿ ಹುಡುಗಿ ನೀರಿಗೆ ಬೀಳುವುದು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಆ ಪ್ರತಿ ಬೇಡ, ನಿಮ್ಮ ಇಡೀ ಭಾಷಣಕ್ಕೆ ವಿರುದ್ಧವಾಗಿ ಸಿನಿಮಾ ಓಡುತ್ತದೆ.

ಅಂದಹಾಗೆ, ಸಿನಿಮಾ ನೋಡಿದ ಮಕ್ಕಳಿಂದ ಕಾರ್ಲಾಫ್‌ಗೆ ಕಾಗದಗಳ ರಾಶಿ ಬಂತು, ಹೆದರಿ ಬರೆದದ್ದಲ್ಲ, ಆ ಜೀವದ ಮೇಲೆ ಕನಿಕರಪಟ್ಟು ಬರೆದದ್ದು. ಇದನ್ನು ಅವರು ಬದುಕಿಡೀ ಹೆಮ್ಮೆಯಿಂದ ಹೇಳಿಕೊಂಡರು.

ವಂಶವೃಕ್ಷ:

ಭಾರತದ ನಂಟು ಪೂರ್ತಿ ನಿಜ, ಆದರೆ ಅಂತರ್ಜಾಲದಲ್ಲಿ ಹೇಳುವ ರೀತಿ ಸಡಿಲ.

ಅವರ ನಿಜ ಹೆಸರು ವಿಲಿಯಂ ಹೆನ್ರಿ ಪ್ರಾಟ್. ಹುಟ್ಟಿದ್ದು 1887ರ ನವೆಂಬರ್ 23, ದಕ್ಷಿಣ ಲಂಡನ್ನಿನ ಫಾರೆಸ್ಟ್ ಹಿಲ್ ರಸ್ತೆಯಲ್ಲಿ, ಒಂಬತ್ತು ಮಕ್ಕಳಲ್ಲಿ ಕೊನೆಯವರು. ತಂದೆ ಎಡ್ವರ್ಡ್ ಜಾನ್ ಪ್ರಾಟ್ ಬ್ರಿಟಿಷ್ ಭಾರತದ ಉಪ್ಪಿನ ತೆರಿಗೆ ಇಲಾಖೆಯಲ್ಲಿ ಕೆಲಸ ಮಾಡಿದವರು, ಆಂಗ್ಲೋ-ಇಂಡಿಯನ್ ಮೂಲದವರು. ತಾಯಿ ಎಲೈಜಾ ಸಾರಾ ಮಿಲಾರ್ಡ್. ಈ ತಾಯಿಯ ತಾಯಿಯ ಒಡಹುಟ್ಟಿದವರೇ ಆ್ಯನಾ ಲಿಯೊನೊವೆನ್ಸ್. ಸಯಾಮಿನ (ಈಗಿನ ಥಾಯ್ಲೆಂಡ್) ಅರಮನೆಯಲ್ಲಿ ರಾಜನ ಮಕ್ಕಳಿಗೆ ಪಾಠ ಹೇಳಿದ, ಮುಂದೆ ನಾಟಕ ಸಿನಿಮಾಗಳಾಗಿ ಪ್ರಸಿದ್ಧವಾದ ಆ ಟೀಚರ್. ಆ್ಯನಾ ಹುಟ್ಟಿದ್ದು 1831ರಲ್ಲಿ ಅಹಮದ್‌ನಗರದಲ್ಲಿ. ಅಂದರೆ ಆ್ಯನಾ ಕಾರ್ಲಾಫ್‌ಗೆ ಅಜ್ಜಿಯ ತಂಗಿಯೋ ಅಕ್ಕನೋ ಆಗಬೇಕು, ಭಾಷಣದಲ್ಲಿ ‘ಸಂಬಂಧದಲ್ಲಿ ಅಜ್ಜಿ’ ಅಂದರೆ ಸಾಕು.

ಮೈಬಣ್ಣ ಸ್ವಲ್ಪ ಕಂದು. ಮೂಕಿ ಚಿತ್ರಗಳ ಕಾಲದಲ್ಲಿ ಅರಬ್, ಅಮೆರಿಕದ ಮೂಲನಿವಾಸಿ ಇಂಥ ಪಾತ್ರಗಳನ್ನೇ ಹೆಚ್ಚಾಗಿ ಕೊಟ್ಟರು. ತಮ್ಮ ಭಾರತೀಯ ಮೂಲವನ್ನು ಅವರು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಆ ಕಾಲದ ಹಾಲಿವುಡ್ಡಿನಲ್ಲಿ ಹೇಳಿಕೊಂಡಿದ್ದರೆ ಸಿಗುವ ಪಾತ್ರಗಳೂ ಕೈತಪ್ಪುತ್ತಿದ್ದವು, ಇದನ್ನು ಅವರ ಕೊರತೆ ಎಂದು ಬಣ್ಣಿಸಬೇಡಿ. ಕಾರ್ಲಾಫ್ ಎಂಬ ಹೆಸರು ತಾಯಿಯ ಕಡೆಯ ರಷ್ಯನ್ ಪೂರ್ವಜರದು ಎಂದು ಅವರು ಹೇಳುತ್ತಿದ್ದರು. ಮನೆತನದಲ್ಲಿ ಅಂಥ ಹೆಸರಿನವರು ಯಾರೂ ಇರಲಿಲ್ಲ ಎಂದು ಮಗಳು ಸಾರಾ ಹೇಳಿದ್ದಾರೆ. ಹಾಗಾಗಿ ‘ರಷ್ಯನ್ ಮೂಲ’ ಬಿಟ್ಟುಬಿಡಿ.

ಮನೆಯ ಪರಿಸ್ಥಿತಿ ಹೇಳದಿದ್ದರೆ ಈ ಮನುಷ್ಯ ಅರ್ಥವಾಗುವುದಿಲ್ಲ. ಹೆತ್ತವರ ಆಸರೆ ಚಿಕ್ಕಂದಿನಲ್ಲೇ ತಪ್ಪಿತು, ಬೆಳೆಸಿದವರು ಅಣ್ಣಂದಿರು ಮತ್ತು ಅಕ್ಕ. ಬಾಲ್ಯದಲ್ಲಿ ಉಗ್ಗು, ಜೊತೆಗೆ ‘ಸ’ಕಾರ ತೊದಲು. ಉಗ್ಗನ್ನು ಗೆದ್ದರು, ತೊದಲು ಕೊನೆಯವರೆಗೂ ಉಳಿಯಿತು, ಅವರ ಯಾವ ಮಾತಿನ ಚಿತ್ರ ಕೇಳಿದರೂ ಕಿವಿಗೆ ಬೀಳುತ್ತದೆ. ಅಣ್ಣಂದಿರಲ್ಲಿ ಹಲವರು ಸರ್ಕಾರಿ ಸೇವೆಯವರು. ಫ್ರೆಡರಿಕ್ ಭಾರತದ ಸಿವಿಲ್ ಸೇವೆಯಲ್ಲಿ, ಸರ್ ಜಾನ್ ಚೀನಾದಲ್ಲಿ ಬ್ರಿಟಿಷ್ ಕಾನ್ಸಲ್. ತಮ್ಮನೂ ಅದೇ ದಾರಿ ಹಿಡಿಯಲಿ ಎಂದು ಓದಿಸಿದರು. ಅವನು 1909ರಲ್ಲಿ ಕೆನಡಾಕ್ಕೆ ಹಡಗು ಹತ್ತಿ ನಾಟಕ ಕಂಪನಿ ಸೇರಿದ. ಮನೆತನಕ್ಕೆ ತಾನೊಂದು ಕಳಂಕ ಎಂದು ಅವರು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡಿದ್ದರು.

1933ರಲ್ಲಿ ಒಂದು ಸಿನಿಮಾಕ್ಕಾಗಿ ಇಂಗ್ಲೆಂಡಿಗೆ ವಾಪಸ್ ಬಂದಾಗ ಪತ್ರಿಕೆಯವರು ಅಣ್ಣಂದಿರ ಜೊತೆ ಫೋಟೋ ಬೇಕೆಂದರು. ಗಂಭೀರ ಸರ್ಕಾರಿ ಅಧಿಕಾರಿಗಳನ್ನು ಇದಕ್ಕೆ ಹೇಗೆ ಕೇಳುವುದು ಎಂದು ಇವರಿಗೆ ಅಳುಕು. ಕೇಳಿದರೆ ಅಣ್ಣಂದಿರು ಖುಷಿಯಿಂದ ಬಂದು, ಯಾರು ಎಲ್ಲಿ ನಿಲ್ಲಬೇಕು ಅಂತ ತಮ್ಮ ತಮ್ಮಲ್ಲೇ ಪೈಪೋಟಿ ನಡೆಸಿದರು. ಆ ಫೋಟೋ ಸಿಗುತ್ತದೆ. ಸ್ಲೈಡಿನಲ್ಲಿ ಹಾಕಿ.

ಕಾರ್ಡ್_ನಂಬರ್_9:

ಯಾರೂ ಯೂನಿಯನ್ ವಿಷಯ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ‘ಫ್ರಾಂಕನ್‌ಸ್ಟೈನ್’ ಸೆಟ್ಟಿನಲ್ಲಿ ವೇಷದ ಸಮಯವೂ ಸೇರಿ ಒಮ್ಮೆ 25 ಗಂಟೆ ಸತತ ದುಡಿಸಿದರು. ಆಗ ನಟರಿಗೆ ಕೆಲಸದ ಅವಧಿಯ ಮಿತಿ ಇಲ್ಲ, ಎರಡು ಪಾಳಿಗಳ ನಡುವೆ ವಿಶ್ರಾಂತಿಯ ನಿಯಮ ಇಲ್ಲ. 1933ರ ಮಾರ್ಚ್‌ನಲ್ಲಿ ಸ್ಟುಡಿಯೋಗಳು ಸಂಬಳದಲ್ಲಿ ಅರ್ಧ ಕಡಿತ ಹೇರಿದವು. ಅದೇ ವರ್ಷ ಸಿನಿಮಾ ನಟರ ಯೂನಿಯನ್ ಆದ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಹುಟ್ಟಿತು. ಸ್ಥಾಪಕರ ಸಣ್ಣ ಗುಂಪಿನಲ್ಲಿ ಕಾರ್ಲಾಫ್ ಇದ್ದರು, ಸದಸ್ಯತ್ವ ಸಂಖ್ಯೆ 9.

ಇದರ ತೂಕ ತಿಳಿಯಬೇಕಾದರೆ ಆ ಹೊತ್ತಿನ ಅವರ ಸ್ಥಿತಿ ನೆನಪಿಡಿ. ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಸ್ಥಿರವಾದ ಕೆಲಸ ಸಿಕ್ಕಿದೆ. ಸ್ಟುಡಿಯೋ ಮುನಿದರೆ ಮತ್ತೆ ಲಾರಿಯೇ ಗತಿ. ಆ ಹೊತ್ತಿನಲ್ಲಿ ಸಣ್ಣಪುಟ್ಟ ಪಾತ್ರದವರ ಪರವಾಗಿ ನಿಂತರು. ಹೆಸರು ಮಾಡಿದ ನಟರು ಸೇರದಿದ್ದರೆ ಗಿಲ್ಡಿಗೆ ಚೌಕಾಸಿಯ ಬಲವೇ ಇರುತ್ತಿರಲಿಲ್ಲ. ಸ್ಟುಡಿಯೋಗಳು ಅದನ್ನು ಮಾನ್ಯ ಮಾಡಿದ್ದು 1937ರಲ್ಲಿ. ಕಾರ್ಲಾಫ್ ಆಡಳಿತ ಮಂಡಳಿಯಲ್ಲಿ ಆಮೇಲೂ ವರ್ಷಗಟ್ಟಲೆ ದುಡಿದರು. ಮೃದು ಎಂದರೆ ಎಲ್ಲಕ್ಕೂ ತಲೆಯಾಡಿಸುವವರು ಎಂದು ಮಕ್ಕಳು ತಿಳಿಯಬಾರದು, ಈ ಭಾಗಕ್ಕೆ ಎರಡು ನಿಮಿಷವಾದರೂ ಕೊಡಿ.

ಕಥೆಕೇಳು:

ಮಕ್ಕಳ ವಿಷಯ ನನ್ನದು.

ಸಾಂಟಾ ಕ್ಲಾಸ್: 1940ರಿಂದ ಕ್ರಿಸ್‌ಮಸ್ ಹೊತ್ತಿಗೆ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಅಂಗವಿಕಲ ಮಕ್ಕಳಿಗೆ ಸಾಂಟಾ ವೇಷದಲ್ಲಿ ಉಡುಗೊರೆ ಹಂಚಿದರು ಎಂದು ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಊರು, ಕಾಲ ಎರಡೂ ಕೂಡಿಬರುತ್ತವೆ. ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ನಾಟಕ ಬ್ರಾಡ್‌ವೇಗೆ ಹೋಗುವ ಮೊದಲು 1940ರ ಡಿಸೆಂಬರ್ ಕೊನೆಗೆ ಬಾಲ್ಟಿಮೋರ್‌ನಲ್ಲೇ ಪ್ರಯೋಗವಾಯಿತು. ‘ಸಾಯುವವರೆಗೂ ಒಂದು ವರ್ಷವೂ ತಪ್ಪಿಸದೆ’ ಎಂದು ಮಾತ್ರ ಸೇರಿಸಬೇಡಿ, 1959ರಿಂದ ಅವರ ಮನೆ ಇಂಗ್ಲೆಂಡಿನಲ್ಲಿತ್ತು. ಆ ನಾಟಕದ ಬಗ್ಗೆ ಇನ್ನೊಂದು ಮಾತು: ಅದರ ಕೊಲೆಗಾರ ಒಬ್ಬನನ್ನು ಕೊಂದ ಕಾರಣ, ಅವನು ಇವನನ್ನು ನೋಡಿ ‘ಬೋರಿಸ್ ಕಾರ್ಲಾಫ್ ಥರ ಇದ್ದೀಯ’ ಅಂದದ್ದು. ಆ ಪಾತ್ರವನ್ನು ಮಾಡಿದ್ದು ಸ್ವತಃ ಕಾರ್ಲಾಫ್.

1950ರಲ್ಲಿ ಬ್ರಾಡ್‌ವೇಯಲ್ಲಿ ‘ಪೀಟರ್ ಪ್ಯಾನ್’. ಇವರು ಕ್ಯಾಪ್ಟನ್ ಹುಕ್, ಒಂದು ಕೈಗೆ ಕಬ್ಬಿಣದ ಕೊಕ್ಕೆ ಇರುವ ಕಡಲುಗಳ್ಳ. ಆಟ ಮುಗಿದ ಮೇಲೆ ಮಕ್ಕಳು ಗ್ರೀನ್ ರೂಮಿಗೆ ಬರುತ್ತಿದ್ದರು, ಇವರು ಕೊಕ್ಕೆಯನ್ನು ಬಿಚ್ಚಿ ಅವರ ಕೈಗೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸುತ್ತಿದ್ದರು. ಕನ್ನಡಿಯಲ್ಲಿ ಮಗು ಮೊದಲು ಮಾಡುವುದು ಮುಖ ಸೊಟ್ಟ ಮಾಡಿ ಹೆದರಿಸುವುದನ್ನೇ. ಹೆದರುವವರ ಕೈಗೇ ಹೆದರಿಸುವ ಸಾಮಾನು ಕೊಟ್ಟರೆ ಹೆದರಿಕೆ ಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಧ್ವನಿ: ಮಕ್ಕಳಿಗಾಗಿ ಕಥೆ ಓದಿದ ರೆಕಾರ್ಡುಗಳು ಬೇಕಾದಷ್ಟಿವೆ. ಎಲ್ಲಕ್ಕಿಂತ ಹೆಸರಾದದ್ದು 1966ರ ಡಿಸೆಂಬರ್‌ನಲ್ಲಿ ಟಿವಿಯಲ್ಲಿ ಬಂದ, ಕ್ರಿಸ್‌ಮಸ್ ಕಂಡರಾಗದ ಗ್ರಿಂಚ್ ಎಂಬ ಪ್ರಾಣಿಯ ಕಾರ್ಟೂನ್. ಕಥೆ ಹೇಳುವವರೂ ಇವರೇ, ಸಿಡುಕ ಗ್ರಿಂಚನ ಮಾತೂ ಇವರದೇ. ಎರಡು ಧ್ವನಿ ಬೇರೆ ಅನ್ನಿಸಲು ಗ್ರಿಂಚನ ಮಾತಿನ ಭಾಗದಲ್ಲಿ ಮೇಲ್‌ಸ್ಥಾಯಿಯ ಕಂಪನಗಳನ್ನು ಸೋಸಿ ತೆಗೆದರು, ಆಗ ಗೊಗ್ಗರು ಉಳಿಯಿತು. ಹಾಡು ಮಾತ್ರ ಥರ್ಲ್ ರೇವನ್ಸ್‌ಕ್ರಾಫ್ಟ್ ಅವರದು, ಅನೇಕರು ಅದನ್ನೂ ಕಾರ್ಲಾಫ್ ಖಾತೆಗೆ ಹಾಕುತ್ತಾರೆ. ಆ ರೆಕಾರ್ಡಿಗೆ ಮಕ್ಕಳ ವಿಭಾಗದ ಗ್ರ್ಯಾಮಿ ಬಂತು.

ಮನೆ: 1930ರ ದಶಕದಲ್ಲಿ ಬೆವರ್ಲಿ ಹಿಲ್ಸ್ ಮೇಲಿನ ಕೋಲ್ಡ್‌ವಾಟರ್ ಕ್ಯಾನ್ಯನ್‌ನಲ್ಲಿ ತೋಟದ ಮನೆ. ನಾಯಿ, ಬಾತುಕೋಳಿ, ವಯಲೆಟ್ ಎಂಬ ಹಂದಿ. ಗಿಡ ನೆಡುವುದು, ಕಾನ್ರಾಡ್ ಕಾದಂಬರಿ ಓದುವುದು, ಕ್ರಿಕೆಟ್. ಇಂಗ್ಲೆಂಡ್ ತಂಡದ ನಾಯಕರಾಗಿ ಟೆಸ್ಟ್ ಆಡಿದ್ದ ಸಿ. ಆಬ್ರಿ ಸ್ಮಿತ್ 1932ರಲ್ಲಿ ಕಟ್ಟಿದ ಹಾಲಿವುಡ್ ಕ್ರಿಕೆಟ್ ಕ್ಲಬ್ಬಿನಲ್ಲಿ ಇವರು ಖಾಯಂ ಆಟಗಾರ, ವಿಕೆಟ್ ಹಿಂದೆ ನಿಂತ ಫೋಟೋ ಇದೆ. ಮಗಳು ಸಾರಾ ಹುಟ್ಟಿದ್ದು 1938ರ ನವೆಂಬರ್ 23, ಅಪ್ಪನ 51ನೆಯ ಹುಟ್ಟುಹಬ್ಬದ ದಿನವೇ. ಆಗ ಮೂರನೆಯ ಬಾರಿ ಅದೇ ವೇಷದಲ್ಲಿ ‘ಸನ್ ಆಫ್ ಫ್ರಾಂಕನ್‌ಸ್ಟೈನ್’ ಸೆಟ್ಟಿನಲ್ಲಿದ್ದರು.

ಹಳೇಪ್ರಿಂಟು:

ಕಥೆಕೇಳು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಸಂತನನ್ನಾಗಿ ಮಾಡಬೇಡಿ. ಹಲವು ಮದುವೆ ಆದವರು, ಮೊದಲಿನ ಸಂಬಂಧಗಳ ಬಗ್ಗೆ ಬಾಯಿಬಿಟ್ಟವರಲ್ಲ. 1946ರಲ್ಲಿ ಕೈಹಿಡಿದ ಈವಿ ಕೊನೆಯವರೆಗೂ ಜೊತೆಗಿದ್ದರು. ಡ್ರಾಕುಲಾ ಪಾತ್ರದಿಂದ ಹೆಸರಾದ ನಟ ಬೆಲಾ ಲುಗೋಸಿ ಜೊತೆ ಹಗೆ ಇತ್ತೆಂದು ಸಿನಿಮಾಗಳಲ್ಲಿ ತೋರಿಸಿರುವುದನ್ನೂ ಬಳಸಬೇಡಿ.

ಕೊನೆಯ ವರ್ಷಗಳ ಬಗ್ಗೆ ಹೇಳಲೇಬೇಕು. ಶ್ವಾಸಕೋಶ ಕೆಟ್ಟಿತ್ತು, ಸಂಧಿವಾತ, ಕಾಲಿಗೆ ಪಟ್ಟಿ, ಗಾಲಿಕುರ್ಚಿ, ಪಕ್ಕದಲ್ಲಿ ಆಕ್ಸಿಜನ್. ಆ ಸ್ಥಿತಿಯಲ್ಲಿ ಪೀಟರ್ ಬೊಗ್ಡಾನೊವಿಚ್ ಅವರ ಮೊದಲ ಚಿತ್ರ ‘ಟಾರ್ಗೆಟ್ಸ್’ನಲ್ಲಿ ನಟಿಸಿದರು, 1968ರದು. ಒಪ್ಪಂದದ ಪ್ರಕಾರ ನಿರ್ಮಾಪಕರಿಗೆ ಕೊಡಬೇಕಾದ್ದು ಎರಡು ದಿನ ಮಾತ್ರ, ಹೊಸ ಹುಡುಗನ ಸಿನಿಮಾ ಅಂತ ಹೆಚ್ಚು ದಿನ ನಿಂತರು. ಅದರಲ್ಲಿ ಸಾವಿನ ಕುರಿತ ಹಳೆಯ ಕಥೆಯೊಂದನ್ನು ಕ್ಯಾಮೆರಾ ನೋಡಿ ಹೇಳುವ ದೃಶ್ಯ ಇದೆ, ಒಂದೇ ಟೇಕ್. ಮುಗಿದಾಗ ಸೆಟ್ಟಿನವರೆಲ್ಲ ಚಪ್ಪಾಳೆ ಹೊಡೆದರು. 1969ರ ಫೆಬ್ರುವರಿ 2ರಂದು ಇಂಗ್ಲೆಂಡಿನ ಮಿಡ್‌ಹರ್ಸ್ಟ್ ಆಸ್ಪತ್ರೆಯಲ್ಲಿ ತೀರಿಕೊಂಡರು, 81 ವರ್ಷ. ಲಂಡನ್ನಿನ ಕಾವೆಂಟ್ ಗಾರ್ಡನ್‌ನ ಸೇಂಟ್ ಪಾಲ್ಸ್, ನಟರ ಇಗರ್ಜಿ ಎನ್ನುತ್ತಾರೆ, ಅಲ್ಲಿ ಅವರ ಹೆಸರಿನ ಫಲಕ ಇದೆ.

ಚಿತ್ರಸಮಾಜ_ಸುಮಾ:

ಎಲ್ಲರಿಗೂ ಮನಸಾರೆ ಧನ್ಯವಾದ. ನಮ್ಮ ಪ್ರತಿ ಪರೀಕ್ಷಿಸಿದೆ, ಹುಡುಗಿ ನೀರಿಗೆ ಬೀಳುವುದು ಇದೆ. ಕೊನೆಯ ಪ್ರಶ್ನೆ: ಭಾಷಣದ ಮಧ್ಯೆ ಒಂದು ತುಣುಕು ತೋರಿಸಬೇಕೆಂದರೆ ಯಾವುದು? ಕೆರೆಯದ್ದೇ ಆಗಲಿ ಅಂತ ಹೆಚ್ಚಿನವರ ಅಭಿಪ್ರಾಯ.

ಬಣ್ಣದಮನೆ:

ಕೆರೆಯದ್ದು ಬೇಡ ಮೇಡಂ. ಅದನ್ನು ಕಥೆಯ ಓಟದಲ್ಲೇ ನೋಡಬೇಕು, ಮೊದಲೇ ತೋರಿಸಿದರೆ ಪೆಟ್ಟು ಸತ್ತುಹೋಗುತ್ತದೆ. ಅವನು ಮೊದಲ ಸಲ ಕೋಣೆಗೆ ಬರುವ ದೃಶ್ಯ ತೋರಿಸಿ. ಬೆನ್ನು ನಮ್ಮ ಕಡೆ ಇಟ್ಟು ಬರುತ್ತಾನೆ, ನಿಧಾನಕ್ಕೆ ತಿರುಗುತ್ತಾನೆ, ಕ್ಯಾಮೆರಾ ಮೂರು ಹೆಜ್ಜೆಯಲ್ಲಿ ಮುಖದ ಹತ್ತಿರ ಹೋಗುತ್ತದೆ. ಅಲ್ಲಿ ನಿಲ್ಲಿಸಬೇಡಿ. ಕೂರಿಸಿದ ಮೇಲೆ ಚಾವಣಿಯ ಬೆಳಕಿಂಡಿ ತೆರೆಯುತ್ತಾರೆ. ಅವನು ತಲೆಯೆತ್ತಿ, ಎದ್ದು, ಎರಡೂ ಕೈ ಮೇಲಕ್ಕೆ ಚಾಚಿ ಬೆಳಕನ್ನು ಹಿಡಿಯಲು ನೋಡುತ್ತಾನೆ. ಕಿಂಡಿ ಮುಚ್ಚಿದಾಗ ಆ ಕೈಗಳು ಯಜಮಾನನ ಕಡೆ ತಿರುಗಿ ಬೇಡುತ್ತವೆ. ಒಂದು ಮಾತಿಲ್ಲ. ರೆಪ್ಪೆಗೆ ಮೇಣ, ಹಣೆಗೆ ಹತ್ತಿ, ಮಂಡಿಗೆ ಉಕ್ಕು, ಅವರ ಹತೋಟಿಯಲ್ಲಿ ಪೂರ್ತಿ ಉಳಿದದ್ದು ಬೆರಳುಗಳು ಮಾತ್ರ. ಮಕ್ಕಳಿಗೆ ಮುಖ ಬಿಟ್ಟು ಕೈಗಳನ್ನೇ ನೋಡಲು ಮೊದಲೇ ಹೇಳಿ. ಆಮೇಲೆ ದೀವಟಿಗೆ ಹಿಡಿದು ವಿಜ್ಞಾನಿಯ ಸಹಾಯಕ ಫ್ರಿಟ್ಜ್ ನುಗ್ಗುವ ಮೊದಲೇ ತುಣುಕು ಕತ್ತರಿಸಿ. ಪ್ರೊಜೆಕ್ಟರ್ ಹೊಳಪು ಸ್ವಲ್ಪ ಇಳಿಸಿಕೊಳ್ಳಿ, ಬಹಳ ಏರಿಸಿದರೆ ಬೆಳಕಿಂಡಿಯ ಕೆಳಗೆ ಕೈಗಳು ಬಿಳಿಯಲ್ಲಿ ಕರಗಿಹೋಗುತ್ತವೆ.